ಆಕ್ಯುಪೇಶನಲ್ ಥೆರಪಿ ಅಧ್ಯಯನ ಮತ್ತು ಗ್ರಂಥಾಲಯದ ಆಕರಗಳು

ಆಕ್ಯುಪೇಶನಲ್ ಥೆರಪಿ ಎಂಬ ಚಿಕಿತ್ಸಾ ಶಾಖೆಗೆ ಕನ್ನಡದಲ್ಲಿ ಇನ್ನೂ ಸ್ಥಿರವಾದ ಹೆಸರೊಂದು ನೆಲೆಗೊಂಡಿಲ್ಲ. ಔದ್ಯೋಗಿಕ ಚಿಕಿತ್ಸೆ, ವೃತ್ತಿ ಚಿಕಿತ್ಸೆ ಎಂಬ ಪದಗಳು ಬಳಕೆಯಲ್ಲಿವೆಯಾದರೂ ಅವೆರಡೂ ಓದುಗರನ್ನು ಕಾರ್ಖಾನೆ, ಕಚೇರಿಗಳ ಕಡೆಗೆ ಕರೆದೊಯ್ಯುತ್ತವೆ. ಇಲ್ಲಿ ‘ಆಕ್ಯುಪೇಶನ್’ ಎಂದರೆ ಸಂಬಳ ತರುವ ಉದ್ಯೋಗ ಮಾತ್ರವಲ್ಲ. ಮನುಷ್ಯನ ದಿನವನ್ನು ತುಂಬುವ ಎಲ್ಲ ಕೆಲಸಗಳೂ ಅದರಲ್ಲಿ ಅಡಕವಾಗಿವೆ. ಸ್ನಾನ ಮಾಡುವುದು, ಸೀರೆ ಉಡುವುದು, ಉಣ್ಣುವುದು, ಬರೆಯುವುದು, ಬಸ್ಸು ಹತ್ತುವುದು, ಮಗುವಿಗಾದರೆ ಆಟವಾಡುವುದು, ಇವೆಲ್ಲವೂ ಆಕ್ಯುಪೇಶನ್‌ಗಳೇ. ಪಾರ್ಶ್ವವಾಯು, ಸೆರೆಬ್ರಲ್ ಪಾಲ್ಸಿ, ಸುಟ್ಟಗಾಯ, ಮಾನಸಿಕ ಕಾಯಿಲೆ ಅಥವಾ ಮುಪ್ಪಿನ ಕಾರಣದಿಂದ ಇಂತಹ ಕೆಲಸಗಳು ಕೈತಪ್ಪಿದವರಿಗೆ ಅವುಗಳನ್ನು ಮರಳಿ ದೊರಕಿಸಿಕೊಡುವುದು ಈ ಶಾಖೆಯ ಕಾರ್ಯ. ಅಧ್ಯಯನದ ವಸ್ತುವೇ ಇಡೀ ದಿನಚರಿಯಾಗಿರುವಾಗ ಅದರ ಕುರಿತ ಬರಹ ಗ್ರಂಥಾಲಯದ ಒಂದೇ ಕಪಾಟಿನಲ್ಲಿ ಕುಳಿತಿರುವುದು ಸಾಧ್ಯವಿಲ್ಲ. ಈ ಶಾಖೆಯ ವಿದ್ಯಾರ್ಥಿಗಳು ಸಂಶೋಧನ ಪ್ರಬಂಧಕ್ಕೆ ಆಕರಗಳನ್ನು ಹುಡುಕುವಾಗ ಎದುರಿಸುವ ತೊಡಕುಗಳಿಗೆ ಮೂಲ ಇಲ್ಲಿದೆ.

ಶಾಸ್ತ್ರವಾಗಿ ಇದಕ್ಕೆ ನೂರು ವರ್ಷಗಳಿಗೆ ತುಸು ಮೀರಿದ ಇತಿಹಾಸವಿದೆ. 1917ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಇದರ ಮೊದಲ ರಾಷ್ಟ್ರೀಯ ಸಂಘ ಸ್ಥಾಪನೆಗೊಂಡಿತು. ವಿಲ್ಲರ್ಡ್ ಮತ್ತು ಸ್ಪ್ಯಾಕ್‌ಮನ್ ಅವರ ಪಠ್ಯಗ್ರಂಥದ ಮೊದಲ ಮುದ್ರಣವೂ ಅಮೆರಿಕನ್ ಜರ್ನಲ್ ಆಫ್ ಆಕ್ಯುಪೇಶನಲ್ ಥೆರಪಿ ಪತ್ರಿಕೆಯ ಆರಂಭವೂ 1947ರಲ್ಲಿ ಆದವು. ಭಾರತದಲ್ಲಿ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘ ರೂಪುಗೊಂಡಿತು. ಸಾಹಿತ್ಯ ಶೋಧದ ದೃಷ್ಟಿಯಿಂದ ಈ ಇತಿಹಾಸದಲ್ಲಿ ಗಮನಿಸಬೇಕಾದುದು ಹೆಸರುಗಳ ಪಲ್ಲಟವನ್ನು. ಯುರೋಪಿನ ಹಲವು ಭಾಷೆಗಳಲ್ಲಿ ಇದೇ ಶಾಸ್ತ್ರ ‘ಎರ್ಗೋಥೆರಪಿ’ ಎನಿಸಿಕೊಂಡಿದೆ. ಹಳೆಯ ಬರಹಗಳಲ್ಲಿ ‘ವರ್ಕ್ ಥೆರಪಿ’ ಎಂಬ ಮಾತು ಬರುತ್ತದೆ. ಒಂದನೆಯ ಮಹಾಯುದ್ಧದ ಕಾಲದ ಅಮೆರಿಕನ್ ದಾಖಲೆಗಳಲ್ಲಿ ಚಿಕಿತ್ಸಕಿಯರನ್ನು ‘ರೀಕನ್‌ಸ್ಟ್ರಕ್ಷನ್ ಏಡ್’ ಎಂದು ಕರೆಯಲಾಗಿದೆ. ಒಂದೇ ಪದವನ್ನು ನಂಬಿ ಹೊರಟವರಿಗೆ ಇವು ಯಾವುವೂ ಕಣ್ಣಿಗೆ ಬೀಳವು.

ಕಪಾಟಿನ ವಿಷಯಕ್ಕೆ ಬಂದರೆ, ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಈ ವಿಷಯದ ಸಂಖ್ಯೆ 615.8515. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪದ್ಧತಿಯನ್ನು ಅನುಸರಿಸುವ ಗ್ರಂಥಾಲಯಗಳಲ್ಲಿ ಅದು ಡಬ್ಲ್ಯೂ.ಬಿ. 555. ವಿದ್ಯಾರ್ಥಿಗಳು ಸಾಮಾನ್ಯವಾಗಿ ಇಷ್ಟನ್ನು ತಿಳಿದು ಆ ಒಂದು ಸಾಲಿನ ಮುಂದೆ ನಿಲ್ಲುತ್ತಾರೆ. ಆದರೆ ಅವರಿಗೆ ಬೇಕಾದ ಸೆರೆಬ್ರಲ್ ಪಾಲ್ಸಿಯ ಗ್ರಂಥಗಳು 616.836ರಲ್ಲಿಯೂ ವಿಶೇಷ ಶಿಕ್ಷಣದವು 371.9ರಲ್ಲಿಯೂ ಅಂಗವೈಕಲ್ಯಕ್ಕೆ ಸಂಬಂಧಿಸಿದ ಸಮಾಜ ಸೇವೆಯವು 362.4ರಲ್ಲಿಯೂ ಇರುತ್ತವೆ. ಉಪಕರಣಗಳ ಹಿಡಿಕೆ ಎಷ್ಟು ದಪ್ಪವಿರಬೇಕು ಎಂಬಂತಹ ಪ್ರಶ್ನೆಗೆ ಉತ್ತರ ತಂತ್ರಜ್ಞಾನದ 620.82ರಲ್ಲಿ, ಅಂದರೆ ಎರ್ಗನಾಮಿಕ್ಸ್ ವಿಭಾಗದಲ್ಲಿ ದೊರೆಯುತ್ತದೆ. ನೇಯ್ಗೆ, ಬುಟ್ಟಿ ಹೆಣಿಗೆಗಳನ್ನು ಚಿಕಿತ್ಸೆಯ ಸಾಧನವಾಗಿ ಬಳಸಬಯಸುವವರು 746ರ ಜವಳಿ ಕಲೆಗಳತ್ತ ಹೋಗಬೇಕು. ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಈ ಕೊನೆಯ ವರ್ಗಗಳು ಇರುವುದೇ ಅಪರೂಪ. ಹಾಗಾಗಿ ಈ ಶಾಖೆಯ ವಿದ್ಯಾರ್ಥಿಗೆ ಊರಿನ ಸಾರ್ವಜನಿಕ ಗ್ರಂಥಾಲಯ, ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯಗಳು ಸಹ ಸಂಶೋಧನೆಯ ಸ್ಥಳಗಳೇ ಆಗಿವೆ.

ಈ ಚದುರುವಿಕೆಯನ್ನು ವಿವರಿಸಲು ಎಸ್.ಆರ್. ರಂಗನಾಥನ್ ಅವರ ವಿಚಾರಕ್ಕಿಂತ ಉತ್ತಮವಾದ ನೆರವು ಇಲ್ಲ. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಅವರು, ಕಪಾಟಿನ ಮೇಲಿನ ಗ್ರಂಥಗಳ ಜೋಡಣೆಯನ್ನು ನೆರಳಿನ ಹೋಲಿಕೆಯಿಂದ ವಿವರಿಸಿದ್ದರು. ಓದುಗನಿಗೆ ಬೇಕಾದ ವಿಷಯ ನಡುವಿನ ದಟ್ಟ ನೆರಳು. ಅದರ ಎರಡು ಬದಿಗೆ ಹತ್ತಿರದ ವಿಷಯಗಳ ಅರೆನೆರಳು. ಅದರಾಚೆಗೆ ಅನ್ಯ ವಿಷಯಗಳು. ಒಳ್ಳೆಯ ವರ್ಗೀಕರಣ ಓದುಗನನ್ನು ಅನ್ಯದಿಂದ ಅರೆನೆರಳಿಗೆ, ಅಲ್ಲಿಂದ ದಟ್ಟ ನೆರಳಿಗೆ ತಾನಾಗಿ ಕರೆತರಬೇಕು. ಆಕ್ಯುಪೇಶನಲ್ ಥೆರಪಿಯ ಮಟ್ಟಿಗೆ ದಟ್ಟ ನೆರಳು ಬಹಳ ಕಿರಿದು, ಅರೆನೆರಳು ಬಹಳ ವಿಶಾಲ. ಮೇಲಾಗಿ ಆ ಅರೆನೆರಳು ಕಪಾಟಿನ ಎಡಬಲದಲ್ಲಿರದೆ ಗ್ರಂಥಾಲಯದ ಬೇರೆ ಬೇರೆ ಮಹಡಿಗಳಲ್ಲಿ ಹರಡಿಕೊಂಡಿದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಪಾರ್ಶ್ವವಾಯುವಿನಿಂದ ಬಲಗೈ ಸೋತ ಮಂಡ್ಯ ಜಿಲ್ಲೆಯ ರೈತನೊಬ್ಬ ಮತ್ತೆ ತನ್ನ ಕೈಯಿಂದ ಮುದ್ದೆ ಉಣ್ಣಬೇಕೆನ್ನುತ್ತಾನೆ ಎಂದು ಭಾವಿಸೋಣ. ಮುದ್ದೆಯನ್ನು ಬೆರಳುಗಳಿಂದ ಮುರಿದು, ತುತ್ತು ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗೊಯ್ಯಲು ಬೇಕಾದ ಬೆರಳ ಚಲನೆಗೂ ಚಮಚ ಹಿಡಿಯಲು ಬೇಕಾದ ಚಲನೆಗೂ ವ್ಯತ್ಯಾಸವಿದೆ. ಎಡಗೈಯಲ್ಲಿ ಉಣ್ಣಿರಿ ಎಂಬ ಸುಲಭದ ಸಲಹೆಯನ್ನು ನಮ್ಮ ಮನೆಗಳಲ್ಲಿ ಒಪ್ಪುವವರು ಕಡಿಮೆ. ದಿನನಿತ್ಯದ ಸ್ವಾವಲಂಬನೆಯನ್ನು ಅಳೆಯಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ, 1965ರಲ್ಲಿ ಪ್ರಕಟವಾದ ಬಾರ್ತೆಲ್ ಸೂಚ್ಯಂಕದಲ್ಲಿ ಊಟಕ್ಕೆ ಸೊನ್ನೆ, ಐದು ಅಥವಾ ಹತ್ತು ಅಂಕಗಳಿವೆ. ಆಹಾರವನ್ನು ಕತ್ತರಿಸಲು, ಬೆಣ್ಣೆ ಸವರಲು ನೆರವು ಬೇಕಾದರೆ ಐದು ಅಂಕ. ಮುದ್ದೆ ಉಣ್ಣುವವನಿಗೆ ಈ ಅಳತೆಗೋಲು ಹೊಂದುವುದೇ ಎಂಬ ಪ್ರಶ್ನೆಯೇ ಒಂದು ಸ್ನಾತಕೋತ್ತರ ಪ್ರಬಂಧಕ್ಕೆ ಸಾಕಾಗುವಷ್ಟು ದೊಡ್ಡದು.

ಇಂತಹ ವಿಷಯವನ್ನು ಆರಿಸಿಕೊಂಡ ವಿದ್ಯಾರ್ಥಿ ಗಣಕದ ಮುಂದೆ ಕುಳಿತು ಪೂರ್ತಿ ವಾಕ್ಯವನ್ನು ಟೈಪು ಮಾಡಿದರೆ ಏನೂ ಸಿಗುವುದಿಲ್ಲ. ಅಲ್ಲಿಗೇ ಬಿಟ್ಟು, ಈ ವಿಷಯದ ಮೇಲೆ ಅಧ್ಯಯನಗಳು ನಡೆದಿಲ್ಲ ಎಂದು ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆದುಬಿಡುವ ಪರಿಪಾಠವಿದೆ. ಇದು ಸಣ್ಣ ತಪ್ಪಲ್ಲ. ಈಗಾಗಲೇ ಉತ್ತರ ದೊರೆತಿರುವ ಪ್ರಶ್ನೆಗಾಗಿ ಕಾಯಿಲೆಯವರನ್ನು ಮತ್ತೆ ಹತ್ತಾರು ಬಾರಿ ಆಸ್ಪತ್ರೆಗೆ ಬರಮಾಡಿಕೊಂಡು ಪರೀಕ್ಷಿಸುವುದು ಅವರ ಕೂಲಿಯನ್ನೂ ನಂಬಿಕೆಯನ್ನೂ ವ್ಯರ್ಥಮಾಡಿದಂತೆ. ಸಾಹಿತ್ಯ ಶೋಧ ಇಲ್ಲಿ ಕೇವಲ ವಿದ್ವತ್ತಿನ ಶಿಷ್ಟಾಚಾರವಲ್ಲ.

ಪ್ರಶ್ನೆಯನ್ನು ಮುಖಗಳಾಗಿ ಬಿಡಿಸಿಕೊಳ್ಳುವುದು ಸರಿಯಾದ ದಾರಿ. 1933ರ ದ್ವಿಬಿಂದು ವರ್ಗೀಕರಣದಿಂದಲೂ ರಂಗನಾಥನ್ ಕಲಿಸಿದ್ದು ಇದನ್ನೇ. ವೈದ್ಯಕೀಯ ಸಂಶೋಧಕರು ಇಂದು ರೋಗಿ, ಚಿಕಿತ್ಸೆ, ಹೋಲಿಕೆ, ಫಲಿತ ಎಂದು ನಾಲ್ಕಾಗಿ ವಿಭಜಿಸುವುದೂ ಇದರ ಸಮೀಪದ ಕ್ರಮವೇ. ಮೇಲಿನ ಉದಾಹರಣೆಯಲ್ಲಿ ಕಾಯಿಲೆ ಒಂದು ಮುಖ, ಕೈ ಒಂದು ಮುಖ, ಊಟವೆಂಬ ಕ್ರಿಯೆ ಇನ್ನೊಂದು, ನೆಲದ ಮೇಲೆ ಕುಳಿತು ಉಣ್ಣುವ ಪರಿಸರ ಮತ್ತೊಂದು. ಪ್ರತಿಯೊಂದು ಮುಖಕ್ಕೂ ಪರ್ಯಾಯ ಪದಗಳ ಪಟ್ಟಿ ಬೇಕು. ಸ್ಟ್ರೋಕ್ ಎಂಬುದು ಕೆಲವು ಲೇಖನಗಳಲ್ಲಿ ಹೆಮಿಪ್ಲೀಜಿಯ, ಕೆಲವುಗಳಲ್ಲಿ ಹೆಮಿಪರೇಸಿಸ್, ಹಳೆಯವುಗಳಲ್ಲಿ ಸಿ.ವಿ.ಎ. ಆಗಿರುತ್ತದೆ. ಬ್ರಿಟಿಷರು ‘ಅಪ್ಪರ್ ಲಿಂಬ್’ ಎಂದು ಬರೆದರೆ ಅಮೆರಿಕನ್ನರು ಬಹುಮಟ್ಟಿಗೆ ‘ಅಪ್ಪರ್ ಎಕ್ಸ್‌ಟ್ರೆಮಿಟಿ’ ಎನ್ನುತ್ತಾರೆ. ಊಟಕ್ಕೆ ಈಟಿಂಗ್, ಫೀಡಿಂಗ್, ಸೆಲ್ಫ್ ಕೇರ್ ಎಂಬ ಮೂರು ಪದಗಳನ್ನಾದರೂ ನೋಡಬೇಕು. ಒಂದೇ ಮುಖದ ಪದಗಳನ್ನು ‘ಆರ್’ ಎಂಬ ಸಂಯೋಜಕದಿಂದಲೂ ಬೇರೆ ಬೇರೆ ಮುಖಗಳನ್ನು ‘ಆಂಡ್’ ಎಂಬುದರಿಂದಲೂ ಕೂಡಿಸಿದಾಗ ಮಾತ್ರ ಬಲೆ ಹದವಾಗುತ್ತದೆ. ‘ಆಕ್ಯುಪೇಶನಲ್’ ಎಂಬ ಪದವೊಂದನ್ನೇ ಹಾಕಿದರೆ ಗಣಿ ಕಾರ್ಮಿಕರ ಶ್ವಾಸಕೋಶದ ಕಾಯಿಲೆಗಳೆಲ್ಲ ಬಂದು ತುಂಬಿಕೊಳ್ಳುತ್ತವೆ; ಹೆಸರಿನ ಗೊಂದಲ ಇಂಗ್ಲಿಷಿನಲ್ಲಿಯೂ ತಪ್ಪಿದ್ದಲ್ಲ.

1997ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿರುವ ಪಬ್‌ಮೆಡ್‌ನಲ್ಲಿ ಈ ಪರ್ಯಾಯ ಪದಗಳನ್ನು ಒಗ್ಗೂಡಿಸುವ ನಿಯಂತ್ರಿತ ಶಬ್ದಕೋಶವಿದೆ. ‘ಮೆಶ್’ ಎಂಬ ಸಂಕ್ಷಿಪ್ತ ನಾಮದಿಂದ ಕರೆಯಲಾಗುವ ಇದರಲ್ಲಿ ಆಕ್ಯುಪೇಶನಲ್ ಥೆರಪಿ, ಆಕ್ಟಿವಿಟೀಸ್ ಆಫ್ ಡೈಲಿ ಲಿವಿಂಗ್ ಎಂಬ ಶೀರ್ಷಿಕೆಗಳಿವೆ. ಶೀರ್ಷಿಕೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಬುದ್ಧಿಮಾಂದ್ಯ ಮಕ್ಕಳ ಕುರಿತ ಹಳೆಯ ಇಂಗ್ಲಿಷ್ ಪದವನ್ನು ಕೈಬಿಟ್ಟು ಈಗ ‘ಇಂಟಲೆಕ್ಚುವಲ್ ಡಿಸೆಬಿಲಿಟಿ’ ಎನ್ನಲಾಗುತ್ತಿದೆ. ಲೇಖನದ ಶೀರ್ಷಿಕೆ, ಸಾರಾಂಶಗಳಲ್ಲಿ ಮಾತ್ರ ಹಳೆಯ ಪದವೇ ಉಳಿದಿರುತ್ತದೆ. ಪಬ್‌ಮೆಡ್ ವೈದ್ಯಕೀಯ ಪ್ರಧಾನವಾದುದು. ನರ್ಸಿಂಗ್ ಮತ್ತು ಪೂರಕ ಆರೋಗ್ಯ ವಿಜ್ಞಾನಗಳಿಗೆ ಮೀಸಲಾದ, 1961ರಲ್ಲಿ ಮುದ್ರಿತ ಸೂಚಿಯಾಗಿ ಹುಟ್ಟಿದ ಸಿನಾಲ್ ಈ ಶಾಖೆಗೆ ಹೆಚ್ಚು ಹತ್ತಿರದ್ದಾದರೂ ಅದಕ್ಕೆ ಗ್ರಂಥಾಲಯ ಚಂದಾ ಕಟ್ಟಬೇಕು. ಈ ಶಾಖೆಗೆಂದೇ 2003ರಲ್ಲಿ ಆಸ್ಟ್ರೇಲಿಯದಲ್ಲಿ ಆರಂಭವಾದ ಓಟಿ ಸೀಕರ್ ಎಂಬ ದತ್ತಕೋಶ ಚಿಕಿತ್ಸಾ ಪ್ರಯೋಗಗಳನ್ನು ಗುಣಮಟ್ಟದ ಅಂಕಗಳೊಡನೆ ಉಚಿತವಾಗಿ ಒದಗಿಸುತ್ತಿತ್ತು. ಹಣಕಾಸಿನ ಕೊರತೆಯಿಂದ ಅದರ ಹೊಸ ಸೇರ್ಪಡೆ ನಿಂತುಹೋಯಿತು. ಹಳೆಯ ಕೈಪಿಡಿಗಳು ಇಂದಿಗೂ ಅದನ್ನೇ ಮೊದಲು ನೋಡಿರೆಂದು ಹೇಳುತ್ತಿರುವುದರಿಂದ ಈ ಸಂಗತಿಯನ್ನು ಇಲ್ಲಿ ನಮೂದಿಸಬೇಕಾಗಿದೆ.

ಭಾರತೀಯ ಬರಹಗಳ ಶೋಧ ಇದಕ್ಕಿಂತ ಕಷ್ಟದ್ದು, ಆದರೆ ಹೆಚ್ಚು ಫಲ ಕೊಡುವಂಥದ್ದು. ಅಖಿಲ ಭಾರತ ಸಂಘದ ಇಂಡಿಯನ್ ಜರ್ನಲ್ ಆಫ್ ಆಕ್ಯುಪೇಶನಲ್ ಥೆರಪಿ ಈ ಕ್ಷೇತ್ರದ ಪ್ರಧಾನ ಪತ್ರಿಕೆ. 2000ದ ದಶಕದ ಅದರ ಸಂಚಿಕೆಗಳು ಮೆಡ್‌ಇಂಡ್ ಎಂಬ ಸರಕಾರಿ ಜಾಲತಾಣದಲ್ಲಿ ಪೂರ್ಣಪಾಠದಲ್ಲಿದ್ದವು. ಆ ಸೇವೆ ನಿಂತ ಮೇಲೆ ನೂರಾರು ಪ್ರಬಂಧಗಳ ಗ್ರಂಥಋಣದಲ್ಲಿರುವ ಅದರ ಕೊಂಡಿಗಳು ನಿರುಪಯುಕ್ತವಾಗಿವೆ. ಮುದ್ರಿತ ಸಂಚಿಕೆಗಳನ್ನು ರದ್ದಿಗೆ ಹಾಕದೆ ಉಳಿಸಿಕೊಂಡ ಕಾಲೇಜು ಗ್ರಂಥಾಲಯಗಳ ಬೆಲೆ ಈಗ ತಿಳಿಯುತ್ತಿದೆ. ಇನ್ನು ಕೈಬೆರಳುಗಳ ಪುನಶ್ಚೇತನದ ಬಗೆಗೆ ನಮ್ಮ ದೇಶದಲ್ಲಿ ನಡೆದ ಮಹತ್ವದ ಕಾರ್ಯದ ಒಂದು ಭಾಗ ಕುಷ್ಠರೋಗದ ಸಾಹಿತ್ಯದಲ್ಲಿದೆ. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ ಅವರು ಮಡಚಿಹೋದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಆರಂಭಿಸಿದ ಕಾಲದಿಂದ ಬೆಳೆದುಬಂದ ಆ ಬರಹಗಳನ್ನು ಕಾಣಲು ಇಂಡಿಯನ್ ಜರ್ನಲ್ ಆಫ್ ಲೆಪ್ರಸಿಯನ್ನೂ ಅದರ ಹಿಂದಿನ ರೂಪವಾದ ‘ಲೆಪ್ರಸಿ ಇನ್ ಇಂಡಿಯಾ’ವನ್ನೂ ತಿರುವಿಹಾಕಬೇಕು. ಹಿಡಿಕೆ ದಪ್ಪ ಮಾಡಿದ ಲೋಟ, ಚಮಚ, ಕುಡುಗೋಲುಗಳ ವಿಚಾರ ಹುಡುಕುವವರು ಅಲ್ಲಿಂದ ಬರಿಗೈಯಲ್ಲಿ ಮರಳುವ ಸಂಭವ ಕಡಿಮೆ.

ಬೆಂಗಳೂರಿನಿಂದ ಹೊರಡುತ್ತಿದ್ದ ಏಷ್ಯಾ ಪೆಸಿಫಿಕ್ ಡಿಸೆಬಿಲಿಟಿ ರಿಹ್ಯಾಬಿಲಿಟೇಶನ್ ಜರ್ನಲ್ ಇಂಥದೇ ಇನ್ನೊಂದು ಆಕರ. ಸಮುದಾಯ ಆಧಾರಿತ ಪುನರ್ವಸತಿಯ ಬಗೆಗೆ ಹಳ್ಳಿಗಳಲ್ಲಿ ದುಡಿದವರ ಅನುಭವಗಳು ಅದರಲ್ಲಿವೆ. 2011ರಿಂದ ಅದು ಡಿಸೆಬಿಲಿಟಿ, ಸಿ.ಬಿ.ಆರ್. ಅಂಡ್ ಇನ್‌ಕ್ಲೂಸಿವ್ ಡೆವಲಪ್‌ಮೆಂಟ್ ಎಂಬ ಹೆಸರಿನಲ್ಲಿ ಮುಕ್ತ ಪತ್ರಿಕೆಯಾಗಿದೆ. ಹೆಸರು ಬದಲಾದುದನ್ನು ತಿಳಿಯದೆ ಹಳೆಯ ಪತ್ರಿಕೆ ನಿಂತುಹೋಯಿತೆಂದು ಭಾವಿಸಿದವರುಂಟು. ಇದರ ಜೊತೆಗೆ ದಕ್ಷಿಣ ಆಫ್ರಿಕದ ಆಕ್ಯುಪೇಶನಲ್ ಥೆರಪಿ ಪತ್ರಿಕೆಯನ್ನೂ ನೋಡುವುದು ಒಳಿತು. ಅದೂ ಮುಕ್ತವಾಗಿದೆ, ಕಡಿಮೆ ಸೌಕರ್ಯಗಳ ನಡುವೆ ದುಡಿಯುವ ಚಿಕಿತ್ಸಕರ ಸಮಸ್ಯೆಗಳು ಅಮೆರಿಕದವುಗಳಿಗಿಂತ ನಮ್ಮವುಗಳಿಗೆ ಹತ್ತಿರವಾಗಿವೆ.

ಆಕರ ಇದೆ ಎಂದು ತಿಳಿಯುವುದು ಬೇರೆ, ಅದನ್ನು ಓದಲು ದೊರಕಿಸಿಕೊಳ್ಳುವುದು ಬೇರೆ. ಬಡ ರಾಷ್ಟ್ರಗಳಿಗೆ ವೈದ್ಯಕೀಯ ಪತ್ರಿಕೆಗಳನ್ನು ಒದಗಿಸಲು 2002ರಲ್ಲಿ ಆರಂಭವಾದ ಹಿನಾರಿ ಯೋಜನೆಯ ವ್ಯಾಪ್ತಿಗೆ ಭಾರತ ಬರಲಿಲ್ಲ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ಹೆಲಿನೆಟ್ ಎಂಬ ಗ್ರಂಥಾಲಯ ಒಕ್ಕೂಟವನ್ನು ಕಟ್ಟಿ ಸಂಲಗ್ನ ಕಾಲೇಜುಗಳಿಗೆ ಪತ್ರಿಕೆಗಳನ್ನು ತಲುಪಿಸತೊಡಗಿದ್ದು ಈ ದೃಷ್ಟಿಯಿಂದ ದೊಡ್ಡ ಹೆಜ್ಜೆ. 2025ರ ಜನವರಿ 1ರಿಂದ ಕೇಂದ್ರ ಸರಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಆದರೆ ಖಾಸಗಿ ಆಡಳಿತದ ಕಾಲೇಜುಗಳಲ್ಲಿ ಓದುವವರು ಇದರಿಂದ ಹೊರಗುಳಿದಿದ್ದಾರೆ. ಪೂರಕ ಆರೋಗ್ಯ ಶಿಕ್ಷಣದಲ್ಲಿ ಅಂಥವರ ಪಾಲು ಅಲ್ಪವಲ್ಲ. ಅವರಿಗೆ ಉಳಿದಿರುವ ದಾರಿಗಳೆಂದರೆ ಪಬ್‌ಮೆಡ್ ಸೆಂಟ್ರಲ್, ಮುಕ್ತ ಪತ್ರಿಕೆಗಳು, ಡೆಲ್‌ನೆಟ್‌ನಂತಹ ಜಾಲಗಳ ಮೂಲಕ ಅಂತರ ಗ್ರಂಥಾಲಯ ಎರವಲು, ಮತ್ತು ಲೇಖಕರಿಗೇ ನೇರವಾಗಿ ಪತ್ರ ಬರೆದು ಪ್ರತಿ ಕೇಳುವುದು. ಕೊನೆಯದು ಸಂಕೋಚದಿಂದಾಗಿ ನಮ್ಮ ವಿದ್ಯಾರ್ಥಿಗಳು ಬಳಸದ ದಾರಿ.

ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಭಂಡಾರದಲ್ಲಿ ದೊರೆಯುತ್ತವೆ. ಈ ಶಾಖೆಯಲ್ಲಿ ಹೆಚ್ಚಿನ ಸಂಶೋಧನೆ ನಡೆದಿರುವುದು ಸ್ನಾತಕೋತ್ತರ ಹಂತದಲ್ಲಾದ್ದರಿಂದ ಅವುಗಳ ಬಹುಪಾಲು ಅಲ್ಲಿ ಸಿಗದೆ, ಕಾಲೇಜುಗಳ ಬೀರುಗಳಲ್ಲಿ ರಟ್ಟಿನ ಹೊದಿಕೆಯೊಳಗೆ ಉಳಿದಿದೆ. ಇವುಗಳಲ್ಲಿ ಅತಿ ಬೆಲೆಯುಳ್ಳ ಭಾಗವೆಂದರೆ ಪ್ರಾಯಶಃ ಅನುಬಂಧ. ಇಂಗ್ಲಿಷಿನ ಪ್ರಶ್ನಾವಳಿಗಳ ಕನ್ನಡ ರೂಪ, ಕಾಯಿಲೆಯವರಿಗೆ ಓದಿ ಹೇಳಿದ ಒಪ್ಪಿಗೆ ಪತ್ರ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳ ಕನ್ನಡ ಸೂಚನೆ ಇವೆಲ್ಲ ಅಲ್ಲಿರುತ್ತವೆ. ಗ್ರಂಥಸೂಚಿಯಲ್ಲಿ ಅವುಗಳ ಸುಳಿವಿಲ್ಲದ ಕಾರಣ ಒಂದು ಕಾಲೇಜಿನಲ್ಲಿ ಅನುವಾದಗೊಂಡ ಅಳತೆಗೋಲನ್ನೇ ಇನ್ನೊಂದರಲ್ಲಿ ಮತ್ತೆ ಅನುವಾದಿಸಲಾಗುತ್ತದೆ. ಎರಡರ ಫಲಿತಾಂಶಗಳನ್ನು ಹೋಲಿಸಲು ಬಾರದಂತಾಗುತ್ತದೆ. ಪ್ರಬಂಧವನ್ನು ದಾಖಲಿಸುವಾಗ ಗ್ರಂಥಪಾಲಕರು ಟಿಪ್ಪಣಿಯ ಸಾಲಿನಲ್ಲಿ ಅನುಬಂಧದಲ್ಲಿರುವ ಅಳತೆಗೋಲಿನ ಹೆಸರು, ಅದರ ಭಾಷೆ, ಮೂಲ ಲೇಖಕರ ಅನುಮತಿ ಪಡೆಯಲಾಗಿದೆಯೇ, ಕನ್ನಡದಿಂದ ಇಂಗ್ಲಿಷಿಗೆ ಮರಳಿ ಅನುವಾದಿಸಿ ತಾಳೆ ನೋಡಲಾಗಿದೆಯೇ ಎಂಬ ನಾಲ್ಕು ಸಂಗತಿಗಳನ್ನು ಬರೆದರೆ ಸಾಕು. ಇದಕ್ಕೆ ಹೊಸ ತಂತ್ರಾಂಶವಾಗಲಿ ಅನುದಾನವಾಗಲಿ ಬೇಕಿಲ್ಲ. ಪ್ರತಿ ಪ್ರಬಂಧಕ್ಕೆ ಕೆಲವೇ ನಿಮಿಷಗಳ ಕೆಲಸ.