ಕಾಲೇಜಲ್ಲಿ ಹಿಂದೆ ಬೀಳುವ ಮಕ್ಕಳನ್ನು ಬೇಗ ಗುರುತಿಸುವುದು ಹೇಗೆ? ಉಪನ್ಯಾಸಕರು, ಮನೆಯವರು, ಅಂಗಡಿಯವರು ತಿಳಿಯಬೇಕಾದ್ದು

ಹಾಲಾಡಿ: ಡಿಗ್ರಿ ಅರ್ಧಕ್ಕೆ ಬಿಟ್ಟು ಬೆಂಗಳೂರಿನ ಬೇಕರಿಗೋ, ಹೋಟೆಲಿಗೋ ಹೋದ ಹುಡುಗರು ಹಾಲಾಡಿ, ಬಿದ್ಕಲ್‌ಕಟ್ಟೆ, ಶಂಕರನಾರಾಯಣ, ಅಮಾಸೆಬೈಲು ಕಡೆ ಹೊಸಬರಲ್ಲ. "ಓದು ತಲೆಗೆ ಹತ್ತಲಿಲ್ಲ" ಅಂತ ಊರು ಒಂದೇ ಮಾತಲ್ಲಿ ಮುಗಿಸಿಬಿಡುತ್ತದೆ. ಆದರೆ ಕಾಲೇಜು ಬಿಡುವುದು ಒಂದು ದಿನದಲ್ಲಿ ಆಗುವಂಥದ್ದಲ್ಲ. ಮೊದಲು ಬೆಳಗ್ಗಿನ ಒಂದು ಪೀರಿಯಡ್ ತಪ್ಪುತ್ತದೆ. ಆಮೇಲೆ ಒಂದು ಇಂಟರ್ನಲ್ ಟೆಸ್ಟ್ ತಪ್ಪುತ್ತದೆ. ನಂತರ ಹಾಜರಾತಿ ಸಾಲದೆ, ಉಪನ್ಯಾಸಕರ ಮುಖ ನೋಡಲು ನಾಚಿಕೆಯಾಗಿ, ವಿದ್ಯಾರ್ಥಿ ಬರುವುದನ್ನೇ ನಿಲ್ಲಿಸುತ್ತಾನೆ.

ಈ ಸಾಲಿನಲ್ಲಿ ಮೊದಲ ತಪ್ಪಿದ ಪೀರಿಯಡ್ ಯಾರ ಕಣ್ಣಿಗಾದರೂ ಬಿದ್ದರೆ ಮುಂದಿನದ್ದನ್ನು ತಡೆಯಬಹುದು. ಅದನ್ನು ಕಾಣುವ ಅವಕಾಶ ಹೆಚ್ಚಿರುವುದು ತರಗತಿಯಲ್ಲಿ ನಿಂತಿರುವ ಉಪನ್ಯಾಸಕರಿಗೆ. ಕಂಡದ್ದನ್ನು ಯಾರಿಗೆ, ಯಾವಾಗ, ಹೇಗೆ ಹೇಳಬೇಕು ಎಂಬುದು ಇಲ್ಲಿದೆ.

ಆರನೇ ವಾರ ಯಾಕೆ ಮುಖ್ಯ?

ಮಂಗಳೂರು ವಿಶ್ವವಿದ್ಯಾನಿಲಯದ ಅಡಿಯ ಕಾಲೇಜುಗಳಲ್ಲಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು ಎಂಬುದು ಎಲ್ಲರಿಗೂ ಗೊತ್ತು. ಲೆಕ್ಕ ಹಾಕಿ ನೋಡುವವರು ಮಾತ್ರ ಕಡಿಮೆ.

ಒಂದು ವಿಷಯಕ್ಕೆ ವಾರಕ್ಕೆ 4 ತರಗತಿ, ಸೆಮಿಸ್ಟರಿಗೆ 16 ವಾರ ಎಂದಿಟ್ಟುಕೊಳ್ಳಿ. ಒಟ್ಟು 64 ತರಗತಿ. ಶೇ. 75 ಅಂದರೆ 48. ಹಾಗಾಗಿ ತಪ್ಪಿಸಬಹುದಾದ್ದು 16 ಮಾತ್ರ. ಬಸ್ ತಡವಾಗಿ ಅಥವಾ ಬೆಳಗ್ಗೆ ಮನೆಯ ಕೆಲಸವಿದ್ದು ವಾರಕ್ಕೆ 3 ದಿನ ಮೊದಲ ಪೀರಿಯಡ್ ತಪ್ಪಿತು, ಆ ಮೂರು ದಿನವೂ ಅದೇ ವಿಷಯದ ತರಗತಿ ಇತ್ತು ಎಂದರೆ, ಐದನೇ ವಾರಕ್ಕೆ 15 ತರಗತಿ ಹೋಯಿತು. ಆರನೇ ವಾರಕ್ಕೆ 18. ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಿಸದೆ ಬಂದರೂ ಆ ವಿಷಯದಲ್ಲಿ 75 ಮುಟ್ಟುವುದಿಲ್ಲ.

ಹೆಚ್ಚಿನ ಕಡೆ ಹಾಜರಾತಿ ಕಡಿಮೆ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬರುವುದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ. ಅಷ್ಟೊತ್ತಿಗೆ ಹೇಳಿ ಪ್ರಯೋಜನ ಎಂತದ್ದು? ಮೂರನೇ ವಾರಕ್ಕೇ ಒಂದು ಪಟ್ಟಿ ಮಾಡಿದರೆ ಆ ಹುಡುಗನ ಕೈಯಲ್ಲಿ ಇನ್ನೂ 7 ತರಗತಿ ಉಳಿದಿರುತ್ತದೆ.

ಏನನ್ನು ನೋಡಬೇಕು?

ಅಂಕ ಬರುವ ತನಕ ಕಾಯಬೇಕೆಂದಿಲ್ಲ. ನಮ್ಮ ಕಡೆಯ ಮಕ್ಕಳಲ್ಲಿ ಮೊದಲೇ ಕಾಣುವ ಗುರುತುಗಳಿವು:

• ಒಂದೇ ಪೀರಿಯಡ್ ಮತ್ತೆ ಮತ್ತೆ ತಪ್ಪುವುದು. ಇಡೀ ದಿನ ರಜೆ ಮಾಡುವವನದ್ದು ಒಂದು ಕಥೆ, ಬೆಳಗ್ಗಿನ ತರಗತಿ ಮಾತ್ರ ತಪ್ಪುವವನದ್ದು ಇನ್ನೊಂದು. ಎರಡನೆಯದರ ಹಿಂದೆ ಹೆಚ್ಚಾಗಿ ಬಸ್ಸೋ, ಮನೆಕೆಲಸವೋ ಇರುತ್ತದೆ.

• ಭಾಷೆ ಬದಲಾವಣೆ. ಪಿಯುಸಿವರೆಗೆ ಕನ್ನಡದಲ್ಲಿ ಬರೆದವರು ಬಿಕಾಂ, ಬಿಸಿಎ, ಬಿಎಸ್ಸಿಗೆ ಬಂದ ಕೂಡಲೇ ಇಂಗ್ಲಿಷಿನಲ್ಲಿ ಬರೆಯಬೇಕು. ವಿಷಯ ಗೊತ್ತಿದ್ದೂ ಉತ್ತರ ಪತ್ರಿಕೆ ಖಾಲಿ ಬಿಡುವವರಿದ್ದಾರೆ. ಬಾಯಲ್ಲಿ ಕೇಳಿದರೆ ಕನ್ನಡದಲ್ಲಿ ಸರಿಯಾಗಿ ಹೇಳುತ್ತಾರೆ.

• ವಿಷಯ ಬದಲಾವಣೆ. ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಓದದೆ ಬಿಕಾಂ ಸೇರಿದವರಿಗೆ ಮೊದಲ ಎರಡು ವಾರದಲ್ಲೇ ಡೆಬಿಟ್, ಕ್ರೆಡಿಟ್ ತಲೆಮೇಲೆ ಹೋಗುತ್ತದೆ.

• ಮೊದಲ ಅಸೈನ್‌ಮೆಂಟ್ ಕೊಡದಿರುವುದು, ಮೊದಲ ಟೆಸ್ಟಿಗೆ ಬಾರದಿರುವುದು. ಕಡಿಮೆ ಅಂಕ ತೆಗೆದವನಿಗಿಂತ ಬರೆಯದೇ ಇದ್ದವನ ಬಗ್ಗೆ ಹೆಚ್ಚು ಗಮನ ಬೇಕು.

• ಮಾತಾಡುತ್ತಿದ್ದವರು ಸುಮ್ಮನಾಗುವುದು, ಹಿಂದಿನ ಬೆಂಚಿಗೆ ಹೋಗುವುದು, ತರಗತಿಯಲ್ಲಿ ನಿದ್ದೆ ಮಾಡುವುದು.

• ಶುಲ್ಕ ಬಾಕಿ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸಿಕ್ಕಿಹಾಕಿಕೊಂಡ ಸ್ಕಾಲರ್‌ಶಿಪ್ ಅರ್ಜಿ. ಇದು ಉಪನ್ಯಾಸಕರಿಗಿಂತ ಮೊದಲು ಕಚೇರಿ ಸಿಬ್ಬಂದಿಗೆ ಗೊತ್ತಾಗುತ್ತದೆ.

ಒಂದೇ ಗುರುತು ಕಂಡರೆ ವಿಚಾರಿಸಿದರೆ ಸಾಕು. ಎರಡು ಮೂರು ಒಟ್ಟಿಗೆ ಕಂಡರೆ ಅದೇ ದಿನ ಮೆಂಟರ್‌ಗೆ ತಿಳಿಸುವುದು ಒಳ್ಳೆಯದು.

ಯಾರಿಗೆ ಹೇಳುವುದು? ಹೇಗೆ ಬರೆಯುವುದು?

ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆ 1994ರಲ್ಲಿ ಶುರುವಾದದ್ದು, ಅದರ ಕಚೇರಿ ಬೆಂಗಳೂರಿನಲ್ಲೇ ಇದೆ. ನಿಧಾನವಾಗಿ ಕಲಿಯುವವರನ್ನು ಗುರುತಿಸಿ ಏನು ಮಾಡಿದ್ದೀರಿ, ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂದು ಅದು ಕಾಲೇಜುಗಳನ್ನು ಕೇಳುತ್ತಾ ಬಂದಿದೆ. ಹಾಗಾಗಿ ಮೆಂಟರ್ ಪಟ್ಟಿ ಹೆಚ್ಚಿನ ಕಾಲೇಜುಗಳಲ್ಲಿ ಇದ್ದೇ ಇರುತ್ತದೆ. ಅದು ನ್ಯಾಕ್ ತಂಡ ಬರುವಾಗ ತೋರಿಸುವ ಫೈಲಾಗಿ ಉಳಿದರೆ ಯಾರಿಗೂ ಉಪಯೋಗವಿಲ್ಲ.

ಕೆಲಸ ನಡೆಯಲು ದೊಡ್ಡ ಸಾಫ್ಟ್‌ವೇರ್ ಬೇಡ. ವಿಷಯ ಉಪನ್ಯಾಸಕರು ಮೆಂಟರ್‌ಗೆ ಕೊಡುವ ಚೀಟಿಯಲ್ಲಿ ನಾಲ್ಕು ಸಾಲಿದ್ದರೆ ಸಾಕು: ಏನು ಕಂಡಿತು, ಯಾವತ್ತಿನಿಂದ, ವಿದ್ಯಾರ್ಥಿ ಹತ್ತಿರ ಮಾತಾಡಿದಿರಾ, ಯಾವ ಸಹಾಯ ಬೇಕು ಅನಿಸುತ್ತದೆ.

ಬರೆಯುವಾಗ ಕಂಡದ್ದನ್ನೇ ಬರೆಯಬೇಕು. "ಸೋಮಾರಿ, ಆಸಕ್ತಿ ಇಲ್ಲ" ಅಂತ ಬರೆದರೆ ಮೆಂಟರ್‌ಗೆ ಬೈಯಲು ಮಾತ್ರ ದಾರಿ ಸಿಗುತ್ತದೆ. "ಎರಡು ವಾರದಿಂದ ಸೋಮವಾರ, ಬುಧವಾರ ಮೊದಲ ಪೀರಿಯಡ್‌ಗೆ ಬಂದಿಲ್ಲ, ಟೆಸ್ಟ್ ಬರೆದಿಲ್ಲ" ಅಂತ ಬರೆದರೆ ಪ್ರಶ್ನೆ ಕೇಳಲು ದಾರಿ ಸಿಗುತ್ತದೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬರೆದಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ. ವರ್ಷದಿಂದ ವರ್ಷಕ್ಕೆ ಅವರು ಬದಲಾಗುತ್ತಾರೆ. ಅವರ ಮನಸ್ಸಿನಲ್ಲಿ ಮಾತ್ರ ಇದ್ದ ಮಾಹಿತಿ ಅವರೊಟ್ಟಿಗೇ ಹೋಗಿಬಿಡುತ್ತದೆ.

ಮಾತು ಮೊದಲು, ಫೋನ್ ಆಮೇಲೆ

ಗುರುತು ಕಂಡ ಕೂಡಲೇ ಮನೆಗೆ ಫೋನ್ ಮಾಡಿದರೆ ಕೆಲವೊಮ್ಮೆ ಕೆಲಸ ಕೆಡುತ್ತದೆ. "ಓದುದ್ ಸಾಕ್, ಕೆಲ್ಸಕ್ ಹೋಗ್" ಅನ್ನುವ ಮನೆಗಳಿವೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಫೋನ್ ಮದುವೆ ಮಾತುಕತೆಗೆ ನೆಪವೂ ಆಗಬಹುದು. ಹಾಗಾಗಿ ಮೊದಲು ವಿದ್ಯಾರ್ಥಿ ಹತ್ತಿರ, ಬೇರೆಯವರಿಲ್ಲದ ಕಡೆ ಕೂತು ಮಾತಾಡಬೇಕು. "ಯಾಕೆ ಬರಲಿಲ್ಲ?" ಅನ್ನುವುದಕ್ಕಿಂತ "ಎಂತ ಆಯ್ತ್ ಮಾರಾಯ, ಬೆಳಿಗ್ಗೆ ಬಪ್ಕೆ ಕಷ್ಟ ಆತ್ತಾ?" ಅಂದರೆ ಬಾಯಿ ಬಿಡುತ್ತಾರೆ.

ಹೆಸರನ್ನು ತರಗತಿಯಲ್ಲಿ ಓದುವುದು, ವಾಟ್ಸಪ್ ಗ್ರೂಪಿಗೆ ಪಟ್ಟಿ ಹಾಕುವುದು ಬೇಡ. ಹಾಲಾಡಿಯಂಥ ಊರಲ್ಲಿ ಆ ಪಟ್ಟಿ ಸಂಜೆಯೊಳಗೆ ಪೇಟೆ ತಲುಪುತ್ತದೆ.

ವಿದ್ಯಾರ್ಥಿ ಊಟ, ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡ ಎಂಬ ಮಾತು ಬಂದರೆ ಅದು ಟ್ಯೂಷನ್ನಿಂದ ಬಗೆಹರಿಯುವ ವಿಷಯವಲ್ಲ. ಆ ಹೊತ್ತಲ್ಲಿ ಅವರನ್ನು ಒಂಟಿ ಬಿಡಬಾರದು, ಮನೆಯವರಿಗೆ ತಕ್ಷಣ ತಿಳಿಸಬೇಕು. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ, ಹಗಲು ರಾತ್ರಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಗುರುತಿಸಿದ ಮೇಲೆ ಏನು?

ಕಾರಣಕ್ಕೆ ತಕ್ಕ ಮದ್ದು ಬೇಕು. ಭಾಷೆ ತೊಡಕಾದರೆ ವಿಷಯದ ಮುಖ್ಯ ಪದಗಳ ಕನ್ನಡ ಅರ್ಥದ ಪಟ್ಟಿ, ವಾರಕ್ಕೊಂದು ಉತ್ತರ ಬರೆಸಿ ತಿದ್ದುವುದು. ಲೆಕ್ಕಶಾಸ್ತ್ರ ಗೊತ್ತಿಲ್ಲದಿದ್ದರೆ ಎರಡು ವಾರದ ಬ್ರಿಡ್ಜ್ ಕೋರ್ಸ್. ಬಸ್ ತೊಡಕಾದರೆ ಹೆಚ್ಚುವರಿ ತರಗತಿಯನ್ನು ಸಂಜೆ ಇಟ್ಟು ಉಪಯೋಗವಿಲ್ಲ, ಕೊನೆ ಬಸ್ಸೂ ತಪ್ಪುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಇಡಬೇಕು. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಆದರೆ ನಮ್ಮ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು.

ಎರಡು ವಾರ ಬಿಟ್ಟು ಮೆಂಟರ್ ಮತ್ತೆ ನೋಡಬೇಕು, ಏನಾಯಿತು ಎಂದು ಚೀಟಿ ಕೊಟ್ಟ ಉಪನ್ಯಾಸಕರಿಗೆ ತಿಳಿಸಬೇಕು. ಉತ್ತರ ಬಾರದಿದ್ದರೆ ಮುಂದಿನ ಸಲ ಅವರು ಚೀಟಿ ಬರೆಯುವುದೇ ಇಲ್ಲ.

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2007ರಲ್ಲಿ ಟ್ರಾಫಿಕ್ ಸಿಗ್ನಲ್‌ನಂತೆ ವಿದ್ಯಾರ್ಥಿಗೆ ಕೆಂಪು, ಹಳದಿ, ಹಸಿರು ದೀಪ ತೋರಿಸುವ ಕಂಪ್ಯೂಟರ್ ವ್ಯವಸ್ಥೆ ತಂದಿತ್ತು. ಅದರಿಂದ ಕಾಲೇಜು ಬಿಡುವವರು ಕಡಿಮೆಯಾದರು ಎಂಬ ಲೆಕ್ಕವನ್ನು 2013ರಲ್ಲಿ ಕೆಲವರು ಪ್ರಶ್ನಿಸಿದರು. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2012ರಿಂದ ಇಂಥದ್ದೇ ವ್ಯವಸ್ಥೆ ನಡೆಸುತ್ತಿದೆ. ಅಲ್ಲಿ ಕಂಪ್ಯೂಟರ್ ಜೊತೆಗೆ ವಿದ್ಯಾರ್ಥಿಯನ್ನು ಕರೆದು ಮಾತಾಡುವ ಸಲಹೆಗಾರರನ್ನೂ ಹೆಚ್ಚಿಸಿದರು. ದೀಪ ಉರಿದರೆ ಸಾಲದು, ಅದನ್ನು ನೋಡಿ ಕರೆಯುವವರು ಬೇಕು.

ಅಂಗಡಿಯವರು, ಮನೆಯವರು ಏನು ಮಾಡಬಹುದು?

ಅಂಗಡಿ, ಮೊಬೈಲ್ ಶಾಪ್, ಕ್ಯಾಟರಿಂಗ್‌ನಲ್ಲಿ ಕಾಲೇಜು ಮಕ್ಕಳು ಬಿಡುವಿನಲ್ಲಿ ದುಡಿಯುವುದು ತಪ್ಪಲ್ಲ, ಕೆಲವರ ಶುಲ್ಕ ಹುಟ್ಟುವುದೇ ಅಲ್ಲಿ. ಕೆಲಸ ಕೊಡುವವರು ಟೆಸ್ಟಿನ ದಿನಾಂಕ ಕೇಳಿಟ್ಟುಕೊಂಡು ಅವತ್ತು ರಜೆ ಕೊಟ್ಟರೆ ಅದೇ ದೊಡ್ಡ ಸಹಾಯ. ಕಾಲೇಜಿನ ಹೊತ್ತಲ್ಲಿ ಹುಡುಗ ಅಂಗಡಿಯಲ್ಲೇ ಇದ್ದರೆ "ಇವತ್ ಕಾಲೇಜ್ ಇಲ್ಯಾ?" ಅಂತ ಒಂದು ಮಾತು ಕೇಳಬಹುದು.

ಮನೆಯವರು ಸೆಮಿಸ್ಟರ್ ಶುರುವಾದ ಮೊದಲ ತಿಂಗಳಲ್ಲೇ ಮಗ ಅಥವಾ ಮಗಳ ಮೆಂಟರ್ ಯಾರೆಂದು ಕೇಳಿ, ನಂಬರ್ ಬರೆದಿಟ್ಟುಕೊಳ್ಳಬೇಕು. ರಕ್ಷಕ ಶಿಕ್ಷಕ ಸಭೆಗೆ ಹೋಗಲು ಆಗದಿದ್ದರೆ ಫೋನಾದರೂ ಮಾಡಿ, ವಿಷಯವಾರು ಹಾಜರಾತಿ ಎಷ್ಟೆಂದು ಕೇಳಿ. ಒಟ್ಟು ಹಾಜರಾತಿ 80 ಇದ್ದರೂ ಒಂದು ವಿಷಯದಲ್ಲಿ 60 ಇರಬಹುದು. ಮೆಂಟರ್ ಯಾರೆಂದು ಗೊತ್ತಾಗದಿದ್ದರೆ ಪ್ರಾಂಶುಪಾಲರ ಕಚೇರಿಯಲ್ಲಿ ವಿಚಾರಿಸಿ. ಈ ಫೋನ್ ಮೂರನೇ ವಾರದೊಳಗೆ ಹೋಗಲಿ.