ಸರಾಸರಿ ಸರಿಯಿದ್ದರೂ ಆಟ ಸುಳ್ಳಾಗಬಹುದು

ಅಮೆರಿಕನ್ ಫುಟ್‌ಬಾಲಿನ ಆನ್‌ಲೈನ್ ಮ್ಯಾನೇಜರ್ ಆಟಗಳಲ್ಲಿ ತಂಡ ಕಟ್ಟಿ ತಂತ್ರ ಹೂಡುವುದಷ್ಟೇ ನಮ್ಮ ಕೆಲಸ. ಪಂದ್ಯ ಆಡಿಸುವುದು ಕಂಪ್ಯೂಟರ್. ಅದು ಆಡಿಸಿದ್ದು ನಿಜದ ಆಟದಂತಿದೆಯೇ ಎಂದು ನೋಡಲು ಹೆಚ್ಚಿನವರು ಹಿಡಿಯುವ ಅಳತೆಗೋಲು ಸರಾಸರಿ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಪಂದ್ಯಗಳಲ್ಲಿ ಚೆಂಡು ಹಿಡಿದು ನುಗ್ಗುವ ಒಂದು ಓಟಕ್ಕೆ ಸಿಗುವುದು ಸುಮಾರು 4 ಗಜ. ಕಂಪ್ಯೂಟರಿನಲ್ಲೂ 4 ಬಂದರೆ ಎಲ್ಲರಿಗೂ ಸಮಾಧಾನ. ಆದರೆ ಈ ಅಳತೆಗೋಲೇ ತಪ್ಪು. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋದರೆ ಚೆಂಡು ನಮ್ಮಲ್ಲೇ ಉಳಿಯುತ್ತದೆ ಎಂಬುದು ಈ ಆಟದ ಮೂಲ ನಿಯಮ. ಪ್ರತಿ ಓಟಕ್ಕೂ ತಪ್ಪದೆ 4 ಗಜ ಕೊಡುವ ಪ್ರೋಗ್ರಾಮಿನಲ್ಲಿ ಮೂರೇ ಓಟಕ್ಕೆ 12 ಗಜವಾಯಿತು. ಆ ತಂಡವನ್ನು ತಡೆಯಲು ಯಾರಿಂದಲೂ ಆಗದು. ಅದೇ ಓಟಗಳು 1, 2, 2, 3, 12 ಎಂದು ಬಂದರೆ? ಸರಾಸರಿ ಈಗಲೂ 4. ಆದರೆ ಮೂರು ಯತ್ನ ಮುಗಿದಾಗ ಕೈಯಲ್ಲಿರುವುದು ಬರೀ 5 ಗಜ. ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುವುದೇ ವಾಡಿಕೆ.

ನಿಜದ ಓಟಗಳು ಈ ಎರಡನೆಯ ಬಗೆಯವು, ಅದಕ್ಕೆ ಕಾರಣ ಮೈದಾನದಲ್ಲೇ ಇದೆ. ಮುಂಚೂಣಿಯ ದಢೂತಿಗಳು ಒಬ್ಬರನ್ನೊಬ್ಬರು ತಳ್ಳುವಾಗ ತೆರೆದುಕೊಳ್ಳುವ ಸಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ಬಹುಪಾಲು ಓಟಗಳು ಅಲ್ಲೇ ನೆಲಕಚ್ಚುತ್ತವೆ. ಅಪರೂಪಕ್ಕೊಮ್ಮೆ ಓಟಗಾರ ಆ ಗುಂಪನ್ನೂ ಅದರ ಹಿಂದೆ ಕಾವಲಿರುವ ಲೈನ್‌ಬ್ಯಾಕರ್‌ಗಳನ್ನೂ ದಾಟಿದನೆಂದರೆ ಮುಂದಿರುವುದು ಬಟಾಬಯಲು. ಕೊನೆಯ ಸಾಲಿನ ರಕ್ಷಕನಾದ ಸೇಫ್ಟಿಯ ಹಿಡಿತ ತಪ್ಪಿದರೆ 60 ಗಜ! ಇಪ್ಪತ್ತೆರಡು ಮಂದಿ ಆಟಗಾರರ ಚಲನೆಯನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುವ ಸಿಮ್ಯುಲೇಷನ್ನಿನಲ್ಲಿ ಈ ಏರುಪೇರು ತಾನಾಗಿಯೇ ಮೂಡಬೇಕು. ಹೋಲಿಸಿ ನೋಡಲು ದಾಖಲೆಯೂ ಉಂಟು: ಎನ್‌ಎಫ್‌ಎಲ್ ಆಟಗಾರರ ಭುಜಕವಚದಲ್ಲಿರುವ ಚಿಪ್‌ಗಳ ನೆರವಿನಿಂದ ಅವರ ಜಾಗ ಸೆಕೆಂಡಿಗೆ 10 ಸಲ ದಾಖಲಾಗುತ್ತದೆ.

ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ಎಷ್ಟು ಗಜ ಎಂದು ಪಟ್ಟಿ ನೋಡಿದರೂ ಇದೇ ಏರುಪೇರು ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ, ನಿಜ. ಆದರೆ ಮುಂಚೂಣಿಯ ಎಡಗಡೆಯ ದುರ್ಬಲನನ್ನು ಬದಲಿಸಿದರೆ ಎಡಗಡೆಯ ಓಟಗಳೇ ಸುಧಾರಿಸಬೇಕು. ಇಡೀ ತಂಡಕ್ಕೆ ಒಂದೇ ಪಟ್ಟಿಯಿದ್ದರೆ ಅದು ಸಾಧ್ಯವಿಲ್ಲ, ಮ್ಯಾನೇಜರನ ನಿರ್ಧಾರಕ್ಕೂ ಬೆಲೆ ಉಳಿಯುವುದಿಲ್ಲ. ಇನ್ನೊಂದು ದೂರು, ಬಲಿಷ್ಠ ತಂಡ ಸೋತಾಗಲೆಲ್ಲ ಕಂಪ್ಯೂಟರ್ ಮೋಸ ಮಾಡಿತು ಎಂಬುದು. ಇದು ಬರೀ ಮೂಢನಂಬಿಕೆ. 2008ರ ಫೆಬ್ರವರಿಯಲ್ಲಿ ನಡೆದ ಎನ್‌ಎಫ್‌ಎಲ್ ಫೈನಲ್ ಪಂದ್ಯವಾದ ಸೂಪರ್ ಬೌಲ್‌ಗೆ ಸತತ 18 ಪಂದ್ಯ ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್, ನ್ಯೂಯಾರ್ಕ್ ಜೈಂಟ್ಸ್ ಎದುರು 17-14ರಿಂದ ಸೋತಿತು. ಬಲಿಷ್ಠರು ಎಂದೂ ಸೋಲದ ಸಿಮ್ಯುಲೇಷನ್ನನ್ನೇ ಅನುಮಾನಿಸಬೇಕು. ನಿಮ್ಮ ಆಟವನ್ನು ಪರೀಕ್ಷಿಸುವ ಆಸೆಯಿದ್ದರೆ ಸರಾಸರಿಯನ್ನು ಬದಿಗಿಡಿ. ನೂರು ಓಟಗಳ ಗಜಗಳನ್ನು ಒಂದರ ಕೆಳಗೊಂದು ಬರೆದು ನೋಡಿ.