ಲಾಬಿ ನೋಡಿ ಮರುಳಾಗ್ಬೇಡಿ, ರಾತ್ರಿ ಎಷ್ಟು ಜನ ಇರ್ತಾರೆ ಕೇಳಿ

ಈ ಎಪಿಸೋಡ್ ಕೇಳ್ತಿರೋ ನಿಮ್ಮಲ್ಲಿ ಬಹಳಷ್ಟು ಜನ ಇಪ್ಪತ್ತು–ಮೂವತ್ತರ ಆಸುಪಾಸಿನವರು. ‘ವೃದ್ಧಾಶ್ರಮದ ವಿಷಯ ನಮಗ್ಯಾಕೆ?’ ಅನ್ನಿಸಬಹುದು. ಆದ್ರೆ ಅಜ್ಜಿಗೋ ತಾತನಿಗೋ ಒಂದು ಜಾಗ ಹುಡುಕಬೇಕು ಅಂದಾಗ ಗೂಗಲ್ ಮಾಡೋದು, ರಿವ್ಯೂ ಓದೋದು, ಫೋನ್ ಮಾಡಿ ರೇಟ್ ಕೇಳೋದು ಎಲ್ಲಾ ನಾವೇ. ನಮ್ಮನೇಲಿ ಆ ಕೆಲಸ ಮಾಡಿದ್ದು ನಾನು. ಅದರಲ್ಲಿ ಆದ ತಪ್ಪೂ ನಂದೇ.

ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಎದ್ದು ಓಡಾಡೋಕೆ ಆಗ್ತಿರಲಿಲ್ಲ. ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗೋರು. ಕೊನೆಗೆ ಬೆಂಗಳೂರಿನ ಹೊರಗೆ, ನರ್ಸ್‌ಗಳಿರೋ ಒಂದು ಹೋಮ್‌ಗೆ ಸೇರಿಸಿದ್ವಿ. ಬಿ.ಕಾಂ ಓದಿದವಳು ನಾನು. ಡೆಪಾಸಿಟ್ ಎಷ್ಟು, ವಾಪಸ್ ಎಷ್ಟು ಬರುತ್ತೆ, ಡೈಪರ್ ದುಡ್ಡು ಬೇರೇನಾ, ಎಲ್ಲಾ ಕೇಳಿದೆ. ಲಾಬಿ ಪಳಪಳ ಹೊಳೀತಿತ್ತು. ಖುಷಿಯಾಗಿ ಸೈನ್ ಹಾಕಿದೆ.

ಆರು ವಾರ ಆದ್ಮೇಲೆ ಒಂದು ಭಾನುವಾರ ಅಮ್ಮ ಅಜ್ಜಿಯ ನೈಟಿ ಬದಲಾಯಿಸುವಾಗ ಬೆನ್ನಿನ ಕೆಳಗೆ ಒಂದು ಗಾಯ ಕಾಣಿಸ್ತು. ಅಂಗೈಯಷ್ಟು ಅಗಲ. ನಮಗೆ ಯಾರೂ ಹೇಳಿರಲಿಲ್ಲ. ಕೇಳಿದ್ರೆ, ‘ವಯಸ್ಸಾದವರಿಗೆ ಇದೆಲ್ಲಾ ಆಗುತ್ತೆ ಮೇಡಂ’ ಅಂದ್ರು. ಅಜ್ಜಿ ಮಾತ್ರ ಮೆಲ್ಲಗೆ ಹೇಳಿದ್ದು ಇಷ್ಟು: ‘ರಾತ್ರಿ ಕರೆದ್ರೆ ಯಾರೂ ಬರಲ್ಲ ಪುಟ್ಟಿ. ಅದಕ್ಕೇ ಕರೆಯೋದೇ ಬಿಟ್ಟೆ.’

ಅದು ಬೆಡ್ ಸೋರ್, ಅಂದ್ರೆ ಹಾಸಿಗೆ ಹುಣ್ಣು. ಒಂದೇ ಮಗ್ಗುಲಲ್ಲಿ ತುಂಬಾ ಹೊತ್ತು ಮಲಗಿದ್ರೆ, ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಂಡು ಅಲ್ಲಿಗೆ ರಕ್ತ ಹರಿಯೋದು ಕಡಿಮೆಯಾಗುತ್ತೆ. ಮೊದಲು ಬಣ್ಣ ಬದಲಾಗುತ್ತೆ, ಆಮೇಲೆ ಚರ್ಮ ಒಡೆಯುತ್ತೆ. ಸೋಂಕಾದ್ರೆ ಜೀವಕ್ಕೇ ಅಪಾಯ. ಬೆನ್ನಿನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿ, ಇವು ಮುಖ್ಯವಾದ ಜಾಗಗಳು. ಪುಸ್ತಕಗಳಲ್ಲಿ ‘ಕೆಂಪಾಗುತ್ತೆ’ ಅಂತಿರುತ್ತೆ. ನಮ್ಮಂಥ ಕಂದು ಚರ್ಮದಲ್ಲಿ ಕೆಂಪು ಸುಲಭವಾಗಿ ಕಾಣಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದ್ಯಾ, ಮುಟ್ಟಿದ್ರೆ ಬಿಸಿ ಅನ್ಸುತ್ತಾ, ಗಟ್ಟಿಯಾಗಿದ್ಯಾ ನೋಡ್ಬೇಕು.

ಇದನ್ನ ಬಹುಪಾಲು ತಡೆಯಬಹುದು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸ್ಬೇಕು. ಏರ್ ಬೆಡ್ ಹಾಕಿದ್ರೂ ಬದಲಿಸ್ಲೇಬೇಕು. ಈಗ ಒಂದು ಲೆಕ್ಕ ಹಾಕಿ. ಹಾಸಿಗೆ ಹಿಡಿದವರು 10 ಜನ ಇದ್ದಾರೆ, ರಾತ್ರಿ 12 ಗಂಟೆಯ ಶಿಫ್ಟ್. ಒಬ್ಬೊಬ್ಬರನ್ನ 6 ಸಲ ಅಂದ್ರೆ ಒಟ್ಟು 60 ಸಲ ತಿರುಗಿಸ್ಬೇಕು. ಒಂದು ಸಲಕ್ಕೆ 10 ನಿಮಿಷ ಅಂದ್ಕೊಂಡ್ರೂ 10 ಗಂಟೆ ಆಯ್ತು. ಇದರ ಮೇಲೆ ಡೈಪರ್, ನೀರು, ಮಾತ್ರೆ. ಒಬ್ಬ ಆಯಾ ಎಷ್ಟೇ ಒಳ್ಳೆಯವರಾಗಿದ್ರೂ ಇದು ಆಗೋ ಕೆಲಸನಾ? ನಮ್ಮಜ್ಜಿ ಇದ್ದ ಕಡೆ ರಾತ್ರಿ ಸುಮಾರು 30 ಜನಕ್ಕೆ ಇದ್ದದ್ದು ಇಬ್ಬರು. ನನಗೆ ಸಿಟ್ಟು ಬಂದಿದ್ದು ಆ ಇಬ್ಬರ ಮೇಲಲ್ಲ, ಅವರನ್ನ ಇಬ್ಬರೇ ಬಿಟ್ಟವರ ಮೇಲೆ. ಆರೈಕೆ ಅಂದ್ರೆ ಒಳ್ಳೇ ಮನಸ್ಸು ಹೌದು. ಆದ್ರೆ ಅದಕ್ಕಿಂತ ಮೊದಲು ಅದು ಜನರ ಲೆಕ್ಕ.

ಹಾಗಾಗಿ, ಸೈನ್ ಹಾಕೋ ಮುಂಚೆ ಇಷ್ಟು ಕೇಳಿ.

ಒಂದು, ರಾತ್ರಿ ಎಷ್ಟು ಜನ ಇರ್ತಾರೆ, ಅವರಲ್ಲಿ ತರಬೇತಾದ ನರ್ಸ್ ಎಷ್ಟು? ಡ್ಯೂಟಿ ಚಾರ್ಟ್ ತೋರಿಸಿ ಅನ್ನಿ.

ಎರಡು, ಮಗ್ಗುಲು ಬದಲಿಸಿದ್ದು, ಮಾತ್ರೆ ಕೊಟ್ಟಿದ್ದು ಬರೀತಾರಾ? ರಿಜಿಸ್ಟರ್ ನೋಡಿ. ಇಡೀ ವಾರ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಟೈಮ್ ಇದ್ರೆ ಒಟ್ಟಿಗೇ ಕೂತು ಬರೆದಿರೋ ಸಾಧ್ಯತೆ ಜಾಸ್ತಿ. ವೋಚರ್ ಚೆಕ್ ಮಾಡಿದವರಿಗೆ ಇದು ಗೊತ್ತು.

ಮೂರು, ಪ್ರತಿ ತಿಂಗಳು ತೂಕ ನೋಡ್ತಾರಾ? ತೂಕ ಇಳೀತಿದ್ರೆ ಊಟ ಸೇರ್ತಿಲ್ಲ ಅಥವಾ ಏನೋ ಕಾಯಿಲೆ ಇದೆ ಅಂತ.

ನಾಲ್ಕು, ನಿದ್ದೆ ಮಾತ್ರೆ ಕೊಡ್ತಾರಾ, ಯಾವ ಡಾಕ್ಟರ್ ಬರೆದದ್ದು? ಮಂಪರಲ್ಲಿ ಎದ್ದ ವಯಸ್ಸಾದವರು ಬೀಳೋದು ಜಾಸ್ತಿ.

ಐದು, ಬಿದ್ರೆ, ಗಾಯ ಆದ್ರೆ ನಮಗೆ ಎಷ್ಟು ಹೊತ್ತಲ್ಲಿ ಫೋನ್ ಮಾಡ್ತೀರಿ? ಅದನ್ನ ಅಗ್ರಿಮೆಂಟಲ್ಲೇ ಬರೆಸಿ.

ಸೇರಿಸಿದ್ಮೇಲೆ ಹೇಳದೆ ಕೇಳದೆ ಹೋಗಿ. ಸಂಜೆ ಏಳರ ಮೇಲೆ ಬಿಡಲ್ಲ ಅಂದ್ರೆ ಯಾಕೆ ಅಂತ ಕೇಳಿ. ಹೋದಾಗ ಹಣ್ಣು ಕೊಟ್ಟು ಬರ್ಬೇಡಿ, ಹಿಮ್ಮಡಿ, ಬೆನ್ನು ನೋಡಿ ಬನ್ನಿ.

ಇನ್ನು ಕಾನೂನು. ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂದಿದ್ದು 2007ರಲ್ಲಿ. ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ಜನ ಬಡ ಹಿರಿಯರಿಗೆ ಜಾಗ ಇರೋ ವೃದ್ಧಾಶ್ರಮದ ಮಾತು ಅದರ 19ನೇ ಸೆಕ್ಷನ್‌ನಲ್ಲಿದೆ. ಆದ್ರೆ ರಾಜ್ಯ ಸರ್ಕಾರ ‘ಸ್ಥಾಪಿಸಬಹುದು’ ಅಂತಿದೆ, ‘ಸ್ಥಾಪಿಸಬೇಕು’ ಅಂತಿಲ್ಲ. ಕಾಮರ್ಸ್ ಲಾ ಕ್ಲಾಸಲ್ಲಿ ಈ ಎರಡು ಪದದ ವ್ಯತ್ಯಾಸ ಕಲಿತಾಗ ಆಕಳಿಸ್ತಿದ್ದೆ. ಈಗ ಅರ್ಥ ಆಗುತ್ತೆ. ಇನ್ನೊಂದು, ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳು ಕೆಪಿಎಂಇ ಕಾಯ್ದೆ ಅಡಿ ನೋಂದಣಿ ಮಾಡಿಸ್ಬೇಕು. ‘24 ಗಂಟೆ ನರ್ಸಿಂಗ್, ಚಿಕಿತ್ಸೆ’ ಅಂತ ಬೋರ್ಡ್ ಹಾಕಿದ್ರೆ, ಆ ನೋಂದಣಿ ಇದ್ಯಾ ಅಂತ ಕೇಳೋ ಹಕ್ಕು ನಿಮಗಿದೆ.

ಏನಾದ್ರೂ ತಪ್ಪು ಕಂಡ್ರೆ ಫೋಟೋ ತೆಗೀರಿ, ತಾರೀಖು ಬರೆದಿಡಿ, ಮೊದಲು ಡಾಕ್ಟರಿಗೆ ತೋರಿಸಿ. ಹಿರಿಯರ ಸಹಾಯವಾಣಿ ಎಲ್ಡರ್‌ಲೈನ್ ನಂಬರ್ 14567, ಫ್ರೀ ಕಾಲ್. ಈಗಲೇ ಸೇವ್ ಮಾಡ್ಕೊಳ್ಳಿ.

ಅಜ್ಜಿಯ ಗಾಯ ಮಾಯೋಕೆ ನಾಲ್ಕು ತಿಂಗಳು ಬೇಕಾಯ್ತು. ಈಗ ಮನೇಲಿದ್ದಾರೆ, ಹಗಲಿಗೆ ಒಬ್ಬರು ಆಯಾ ಬರ್ತಾರೆ. ರಾತ್ರಿ ಪಾಳಿ ನಂದು, ಅಪ್ಪಂದು. ಎರಡು ಗಂಟೆಗೆ ಅಲಾರಾಂ ಹೊಡೆದಾಗ ನಿದ್ದೆಗಣ್ಣಲ್ಲಿ ಎದ್ದು ಹೋಗ್ತೀನಿ. ಅಜ್ಜಿ ಈಗ ಕರೀತಾರೆ, ಕೆಲವು ಸಲ ಸುಮ್‌ಸುಮ್ನೆ ಕರೀತಾರೆ. ಕರೀಲಿ.

ನಿಮ್ಮನೇಲೂ ಇಂಥ ಅನುಭವ ಆಗಿದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.